ಮೂರು ಬಿರುಗಾಳಿ, ಮೂರು ಕಾಡು

ಹಿಂದೆಂದೋ ಬೀಸಿಹೋದ ಬಿರುಗಾಳಿಯೊಂದನ್ನು ಇಂದು ಪುನರ್ರಚಿಸುವುದೆಂದರೆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದು. ಗಾಳಿ ಯಾವ ದಾರಿ ಹಿಡಿದು ಎಷ್ಟು ವೇಗದಲ್ಲಿ ಬೀಸಿತು ಎಂಬುದು ಮೊದಲನೆಯದು. ಆ ಹೊಡೆತಕ್ಕೆ ಯಾವ ಕಾಡು, ಎಲ್ಲಿ, ಏಕೆ ಉರುಳಿತು ಎಂಬುದು ಎರಡನೆಯದು. ಮೊದಲನೆಯದು ತಿಳಿದರೆ ಎರಡನೆಯದು ಗಣಿತದ ಫಲಿತಾಂಶದಂತೆ ತಾನಾಗಿಯೇ ಹೊರಬೀಳುತ್ತದೆ ಎಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ರೋಡ್ ಐಲೆಂಡ್, ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್ ಮತ್ತು ಮೇನ್ ರಾಜ್ಯಗಳನ್ನು ಒಳಗೊಂಡ ನ್ಯೂ ಇಂಗ್ಲೆಂಡ್ ಪ್ರಾಂತದ ಇತಿಹಾಸ ಈ ಊಹೆಯನ್ನು ಒಪ್ಪುವುದಿಲ್ಲ. ಅಲ್ಲಿ 1635, 1815 ಮತ್ತು 1938ರಲ್ಲಿ ಬೀಸಿದ ಮೂರು ಮಹಾ ಬಿರುಗಾಳಿಗಳು ಬಲದಲ್ಲಿ ಒಂದಕ್ಕೊಂದು ಹೋಲುವಂಥವು; ಅವು ಕಾಡಿನ ಮೇಲೆ ಉಳಿಸಿದ ಗುರುತುಗಳು ಮಾತ್ರ ಒಂದರಂತೆ ಒಂದಿಲ್ಲ. ಈ ವ್ಯತ್ಯಾಸದ ಕಾರಣ ಗಾಳಿಯಲ್ಲಿಲ್ಲ, ಗಾಳಿಗೆ ಸಿಕ್ಕ ನೆಲದಲ್ಲಿದೆ.

ಈ ಮೂರೂ ಹರಿಕೇನ್‌ಗಳು, ಅಂದರೆ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರಿನ ಮೇಲೆ ಹುಟ್ಟುವ ಚಂಡಮಾರುತಗಳು. ಬಂಗಾಳ ಕೊಲ್ಲಿಯಲ್ಲಿ ಏಳುವ ಸೈಕ್ಲೋನ್‌ಗೂ ಹರಿಕೇನ್‌ಗೂ ಇರುವ ಭೇದ ಹೆಸರಿನದೇ ಹೊರತು ಸ್ವಭಾವದ್ದಲ್ಲ. ಕಡಿಮೆ ಒತ್ತಡದ ನಡುಗಣ್ಣೊಂದರ ಸುತ್ತ ಗಾಳಿ ಸುರುಳಿಯಾಗಿ ಸುತ್ತುತ್ತದೆ, ಹಾಗೆ ಸುತ್ತುತ್ತಲೇ ಇಡೀ ಸುರುಳಿ ಮುಂದಕ್ಕೂ ಸಾಗುತ್ತದೆ. ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಸಂಗತಿಯನ್ನು ವಿಜ್ಞಾನಕ್ಕೆ ಕಲಿಸಿಕೊಟ್ಟವುಗಳಲ್ಲಿ ಬಿದ್ದ ಮರಗಳೂ ಸೇರಿವೆ. 1821ರ ಸೆಪ್ಟೆಂಬರ್ 3ರಂದು ಕನೆಕ್ಟಿಕಟ್ ರಾಜ್ಯವನ್ನು ಹಾದುಹೋದ ಬಿರುಗಾಳಿಯ ನಂತರ ಆ ಸೀಮೆಯಲ್ಲಿ ಪ್ರಯಾಣ ಮಾಡಿದ ವಿಲಿಯಂ ರೆಡ್‌ಫೀಲ್ಡ್, ತನ್ನ ಊರಿನ ಆಸುಪಾಸಿನಲ್ಲಿ ಮರಗಳ ತಲೆ ವಾಯವ್ಯಕ್ಕಿದ್ದುದನ್ನೂ, ಅಲ್ಲಿಂದ ನೂರಿಪ್ಪತ್ತು ಕಿಲೋಮೀಟರಿಗಿಂತ ದೂರವಿಲ್ಲದ ಪಶ್ಚಿಮದ ಬೆಟ್ಟಸೀಮೆಯಲ್ಲಿ ಅವು ಆಗ್ನೇಯಕ್ಕೆ ತಲೆಮಾಡಿ ಬಿದ್ದಿದ್ದುದನ್ನೂ ಗಮನಿಸಿದ. ಒಂದೇ ಬಿರುಗಾಳಿ ಎರಡು ಕಡೆ ತದ್ವಿರುದ್ಧ ದಿಕ್ಕಿಗೆ ಮರ ಕೆಡವಬೇಕಾದರೆ ಅದು ನೇರವಾಗಿ ನುಗ್ಗುವ ಗಾಳಿಯಾಗಿರದೆ ದೊಡ್ಡದೊಂದು ಸುಳಿಯಾಗಿರಬೇಕು ಎಂದು ತರ್ಕಿಸಿ, 1831ರಲ್ಲಿ ಆ ಕುರಿತ ಲೇಖನವನ್ನು ಪ್ರಕಟಿಸಿದ. ಜೀನು ಹೊಲಿಯುವ ಕಸುಬು ಕಲಿತು ಆಮೇಲೆ ಹಬೆಹಡಗುಗಳ ಉದ್ಯಮಕ್ಕೆ ಇಳಿದಿದ್ದ ಈತನ ವಾದವನ್ನು ಮುಂದುವರಿಸಿದವರಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಒಬ್ಬ. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮೂಲದಿಂದ ಆತ ರೂಪಿಸಿ 1848ರ ತನ್ನ ನಾವಿಕರ ಕೈಪಿಡಿಯಲ್ಲಿ ಬಳಸಿದ ‘ಸೈಕ್ಲೋನ್’ ಎಂಬ ಪದವೇ ಇಂದು ಭಾರತದ ಹವಾಮಾನ ವಾರ್ತೆಯಲ್ಲೆಲ್ಲ ಕೇಳಿಬರುವುದು.

ಪುನರ್ರಚನೆಯ ಕೆಲಸ ಹೆಚ್ಚು ದಾಖಲೆಯಿರುವ ಬಿರುಗಾಳಿಯಿಂದ ಆರಂಭವಾಗಿ ಕಡಿಮೆ ದಾಖಲೆಯಿರುವುದರ ಕಡೆಗೆ, ಅಂದರೆ ಕಾಲದಲ್ಲಿ ಹಿಂದುಹಿಂದಕ್ಕೆ ಸಾಗುತ್ತದೆ. 1938ರ ಸೆಪ್ಟೆಂಬರ್ 21ರ ಮಧ್ಯಾಹ್ನ ನ್ಯೂಯಾರ್ಕಿನ ಲಾಂಗ್ ಐಲೆಂಡ್ ದ್ವೀಪಕ್ಕೆ ಅಪ್ಪಳಿಸಿದ ಹರಿಕೇನ್ ಅಲ್ಲಿಂದ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ಗಳನ್ನು ಸೀಳಿಕೊಂಡು ಅದೇ ಸಂಜೆ ವರ್ಮಾಂಟ್ ತಲುಪಿತು. ಸಾಮಾನ್ಯ ಚಂಡಮಾರುತಗಳು ಸೈಕಲ್ ಸವಾರನ ವೇಗದಲ್ಲಿ ಸಾಗಿದರೆ, ಇದರ ಸುರುಳಿ ಗಂಟೆಗೆ 75 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಿತು. ಉತ್ತರ ಗೋಲಾರ್ಧದಲ್ಲಿ ಇಂಥ ಸುರುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಅದು ಉತ್ತರಕ್ಕೆ ಸಾಗುವಾಗ ಬಲಬದಿಯಲ್ಲಿ, ಅಂದರೆ ಪೂರ್ವಕ್ಕೆ, ಸುತ್ತುವ ವೇಗಕ್ಕೆ ಸಾಗುವ ವೇಗವೂ ಕೂಡಿಕೊಳ್ಳುತ್ತದೆ. ಎಡಬದಿಯಲ್ಲಿ ಅದೇ ವೇಗ ಕಳೆದುಹೋಗುತ್ತದೆ. ಹೀಗಾಗಿ ಬಿರುಗಾಳಿಯ ದಾರಿಯಿಂದ ಪೂರ್ವಕ್ಕಿದ್ದ ಕಾಡುಗಳು ಆಗ್ನೇಯದಿಂದ ಬಂದ ಅತಿ ಬಿರುಸಿನ ಹೊಡೆತವನ್ನು ಉಂಡವು. ಬಾಸ್ಟನ್ ನಗರದ ಸಮೀಪ ಗುಡ್ಡದ ನೆತ್ತಿಯಲ್ಲಿರುವ ಬ್ಲೂ ಹಿಲ್ ವೀಕ್ಷಣಾಲಯ ಗಂಟೆಗೆ 195 ಕಿಲೋಮೀಟರಿನಷ್ಟು ನಿರಂತರ ಗಾಳಿಯನ್ನೂ, ಸುಮಾರು 300 ಕಿಲೋಮೀಟರಿನ ಬೀಸನ್ನೂ ದಾಖಲಿಸಿತು. ಗುಡ್ಡದ ನೆತ್ತಿಯನ್ನು ಏರಿ ದಾಟುವ ಗಾಳಿ ಇನ್ನಷ್ಟು ರಭಸ ಪಡೆಯುವುದರಿಂದ ಈ ಅಂಕಿಯನ್ನು ಇಡೀ ಸೀಮೆಗೆ ಹಾಗೆಯೇ ಹಚ್ಚುವಂತಿಲ್ಲ. ಒಂದು ಉಪಕರಣ ಹೇಳುವುದು ಅದು ನಿಂತ ಜಾಗದ ಸತ್ಯವನ್ನು ಮಾತ್ರ.

ಆರುನೂರಕ್ಕೂ ಹೆಚ್ಚು ಜನ ಸತ್ತ ಈ ದುರಂತದಲ್ಲಿ ಉರುಳಿದ ನಾಟಾ 260 ಕೋಟಿ ಬೋರ್ಡ್ ಅಡಿಗೂ ಮೀರಿತ್ತೆಂಬ ಅಂದಾಜಿದೆ. ಬೋರ್ಡ್ ಅಡಿ ಎಂಬುದು ಒಂದಡಿ ಉದ್ದ, ಒಂದಡಿ ಅಗಲ, ಒಂದು ಅಂಗುಲ ದಪ್ಪದ ಹಲಗೆಯ ಅಳತೆ. ಆ ಲೆಕ್ಕದಲ್ಲಿ ಇದು ಸುಮಾರು 60 ಲಕ್ಷ ಘನ ಮೀಟರ್ ಮರ. ಒಣಗಿದ ಕೊಂಬೆರೆಂಬೆಗಳಿಗೆ ಬೆಂಕಿ ತಗುಲಿದರೆ ಊರುಗಳಿಗೆ ಊರುಗಳೇ ಉರಿದುಹೋದಾವೆಂಬ ಭಯದಿಂದಲೂ, ಹುಳು ಮತ್ತು ಶಿಲೀಂಧ್ರಗಳಿಗೆ ಮೊದಲೇ ಮರವನ್ನು ದಕ್ಕಿಸಿಕೊಳ್ಳಬೇಕೆಂಬ ಆತುರದಿಂದಲೂ ಕೇಂದ್ರ ಸರ್ಕಾರ ಈಶಾನ್ಯ ನಾಟಾ ರಕ್ಷಣಾ ಆಡಳಿತ ಎಂಬ ಪ್ರತ್ಯೇಕ ವ್ಯವಸ್ಥೆಯನ್ನೇ ಹೂಡಿ ರೈತರಿಂದ ದಿಮ್ಮಿಗಳನ್ನು ಕೊಂಡಿತು. ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿಯಾಡದೆ ಕೊಳೆ ಹತ್ತುವುದಿಲ್ಲವಾದ್ದರಿಂದ ದಿಮ್ಮಿಗಳನ್ನು ಕೆರೆಕೊಳಗಳಿಗೆ ಉರುಳಿಸಿ ಇಡಲಾಯಿತು. ಅವುಗಳಲ್ಲೊಂದಾದ ನ್ಯೂ ಹ್ಯಾಂಪ್‌ಷೈರಿನ ಟರ್ಕಿ ಪಾಂಡ್‌ನ ದಡದಲ್ಲಿ, ಗಂಡಸರು ಎರಡನೆಯ ಮಹಾಯುದ್ಧಕ್ಕೆ ಹೊರಟುಹೋಗಿದ್ದ ದಿನಗಳಲ್ಲಿ, ಮರ ಕೊಯ್ಯುವ ಮಿಲ್ಲೊಂದನ್ನು ಹೆಂಗಸರೇ ನಡೆಸಿದರು. ಈ ಖರೀದಿಯ ಕಡತಗಳು ಮುಂದಿನ ಸಂಶೋಧಕರಿಗೆ ಎಲ್ಲಿ ಎಷ್ಟು ಮರ ಬಿದ್ದಿತ್ತೆಂಬುದರ ಲೆಕ್ಕಪುಸ್ತಕವೂ ಆದವು.

ಬಿದ್ದ ಮರದ ಲೆಕ್ಕಕ್ಕಿಂತ ಬೀಳದೆ ಉಳಿದ ಮರದ ಲೆಕ್ಕ ಹೆಚ್ಚು ಮಾತಾಡುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಪೀಟರ್‌ಶಮ್ ಎಂಬ ಊರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ 1907ರಲ್ಲಿ ಸ್ಥಾಪಿಸಿದ ಹಾರ್ವರ್ಡ್ ಫಾರೆಸ್ಟ್ ಎಂಬ ಸಂಶೋಧನಾ ಅರಣ್ಯ 1938ರ ಬಿರುಗಾಳಿಯ ದಾರಿಗೆ ಪೂರ್ವದಲ್ಲಿತ್ತು. ಪ್ರತಿಯೊಂದು ತೋಪಿನ ಜಾತಿ, ವಯಸ್ಸು ಮತ್ತು ಎತ್ತರಗಳನ್ನು ಗುರುತಿಸಿದ ನಕ್ಷೆಗಳು ಗಾಳಿ ಬೀಸುವ ಮೊದಲೇ ಅಲ್ಲಿ ಸಿದ್ಧವಿದ್ದುದರಿಂದ, ಗಾಳಿಯ ನಂತರದ ಸಮೀಕ್ಷೆಯನ್ನು ಅವುಗಳ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಡೇವಿಡ್ ಫಾಸ್ಟರ್ 1988ರಲ್ಲೂ, ಎಮೆರಿ ಬೂಸ್ ಜೊತೆಗೂಡಿ 1992ರಲ್ಲೂ ಪ್ರಕಟಿಸಿದ ಅಧ್ಯಯನಗಳು ಆ ಹೋಲಿಕೆಯಿಂದ ಮೂರು ನಿಯಮಗಳನ್ನು ಹೊರತೆಗೆದವು. ಸೂಜಿಯೆಲೆಯ ಪೈನ್ ಮರಗಳು ಅಗಲವಾದ ಎಲೆಯ ಓಕ್, ಮೇಪಲ್‌ಗಳಿಗಿಂತ ಬಹಳ ಸುಲಭವಾಗಿ ಬಿದ್ದವು ಎಂಬುದು ಮೊದಲನೆಯದು. ಒಂದೇ ಜಾತಿಯಲ್ಲಿ ಎತ್ತರ ಹೆಚ್ಚಿದಂತೆ ಹಾನಿಯೂ ಹೆಚ್ಚಿತು ಎಂಬುದು ಎರಡನೆಯದು. ಗಾಳಿಯ ಒತ್ತು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದಲೂ, ಉದ್ದನೆಯ ಕಾಂಡ ಬುಡವನ್ನು ಮೀಟುವ ಸನ್ನೆಗೋಲಿನಂತೆ ವರ್ತಿಸುವುದರಿಂದಲೂ ಎಳೆಯ ಗಿಡ ಬಾಗಿ ಉಳಿದಲ್ಲಿ ಬಲಿತ ಮರ ಬುಡಮೇಲಾಗುತ್ತದೆ. ಹಿಂದಿನ ಕೆಲವು ದಿನಗಳ ಮಳೆಗೆ ನೆಲ ನೆನೆದು ಬೇರಿನ ಹಿಡಿತ ಸಡಿಲಿದ್ದುದೂ ಇದಕ್ಕೆ ಸೇರಿಕೊಂಡಿತು. ಗಾಳಿಗೆ ಎದೆಯೊಡ್ಡಿದ ಆಗ್ನೇಯದ ಇಳಿಜಾರುಗಳೂ ಗುಡ್ಡದ ನೆತ್ತಿಗಳೂ ಬೋಳಾದರೆ, ಗುಡ್ಡದ ಮರೆಯಲ್ಲಿದ್ದ ವಾಯವ್ಯದ ಇಳಿಜಾರುಗಳು ಹೆಚ್ಚುಕಡಿಮೆ ಹಾಗೆಯೇ ಉಳಿದವು ಎಂಬುದು ಮೂರನೆಯದು.

ಎತ್ತರದ ಪೈನ್ ಮರವೇ ಹೆಚ್ಚು ಬೀಳುವುದಾದರೆ, 1938ರಲ್ಲಿ ಅಷ್ಟೊಂದು ಎತ್ತರದ ಪೈನ್ ಅಲ್ಲಿ ಏಕಿತ್ತು ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅದರ ಉತ್ತರ ಹವಾಮಾನದಲ್ಲಿಲ್ಲ, ಕೃಷಿಯ ಇತಿಹಾಸದಲ್ಲಿದೆ. ಯುರೋಪಿನಿಂದ ಬಂದು ನೆಲೆಸಿದವರು ಎರಡು ಶತಮಾನ ಕಾಡು ಕಡಿದು ಹೊಲ, ಹುಲ್ಲುಗಾವಲು ಮಾಡಿದ ಫಲವಾಗಿ 19ನೇ ಶತಮಾನದ ನಡುವಿನ ವೇಳೆಗೆ ಮಧ್ಯ ಮ್ಯಾಸಚೂಸೆಟ್ಸ್‌ನ ಅರ್ಧಕ್ಕಿಂತ ಬಹಳ ಹೆಚ್ಚು ನೆಲ ಬಯಲಾಗಿತ್ತು. ಆಮೇಲೆ ಪಶ್ಚಿಮದ ಫಲವತ್ತಾದ ಭೂಮಿ, ರೈಲು ಮತ್ತು ಗಿರಣಿಯೂರುಗಳ ಕೂಲಿ ರೈತರನ್ನು ಸೆಳೆದವು, ಕಲ್ಲುನೆಲದ ಹೊಲಗಳು ಬೀಳುಬಿದ್ದವು. ಬೀಳುನೆಲದ ಹುಲ್ಲಿನಲ್ಲಿ, ಬಿಸಿಲು ಧಾರಾಳವಾಗಿರುವ ಕಡೆ, ಗಾಳಿಯಲ್ಲಿ ತೇಲಿಬಂದ ಬಿಳಿ ಪೈನ್ ಬೀಜಗಳು ಬೇರಾವ ಮರಕ್ಕಿಂತ ಮೊದಲು ಮೊಳೆತು, ಒಂದೇ ವಯಸ್ಸಿನ, ಒಂದೇ ಎತ್ತರದ ದಟ್ಟ ತೋಪುಗಳಾದವು. ಅವು ಪೆಟ್ಟಿಗೆ ಹಲಗೆಗೆ ಒದಗುವ ನಾಟಾ ಆಗಿದ್ದರಿಂದ ಅರಣ್ಯಶಾಸ್ತ್ರಜ್ಞರೂ ಅವುಗಳನ್ನೇ ಪೋಷಿಸಿದರು. ಅಂದರೆ 1938ರ ಗಾಳಿ ಉರುಳಿಸಿದ್ದು ಅನಾದಿ ಕಾಡನ್ನಲ್ಲ; ಅರವತ್ತು ಎಂಬತ್ತು ವರ್ಷಗಳ ಹಿಂದೆ ರೈತರು ಬಿಟ್ಟುಹೋದ ಹೊಲಗಳ ಮೇಲೆ ಎದ್ದಿದ್ದ, ಗಾಳಿಗೆ ಅತ್ಯಂತ ಸುಲಭವಾಗಿ ತುತ್ತಾಗುವ ಕಾಡನ್ನು.

ಇಷ್ಟನ್ನು ತಿಳಿದ ಮೇಲೆ ಹಿಂದಿನ ಬಿರುಗಾಳಿಗಳ ಕಡೆ ತಿರುಗಲು ಒಂದು ಸಾಧನ ಬೇಕಾಯಿತು. ಬೂಸ್ ಮತ್ತು ಆತನ ಸಹೋದ್ಯೋಗಿಗಳು ರೂಪಿಸಿದ ‘ಹರಿಕಾನ್’ ಎಂಬ ಗಣಕ ಮಾದರಿಗೆ ಚಂಡಮಾರುತದ ದಾರಿ, ಅದರ ಗರಿಷ್ಠ ಗಾಳಿ, ನಡುಗಣ್ಣಿನಿಂದ ಎಷ್ಟು ದೂರದಲ್ಲಿ ಆ ಗರಿಷ್ಠ ಗಾಳಿ ಇತ್ತು ಎಂಬ ಕೆಲವೇ ವಿವರಗಳನ್ನು ಕೊಟ್ಟರೆ, ಸೀಮೆಯ ಪ್ರತಿಯೊಂದು ಬಿಂದುವಿನಲ್ಲಿ ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಎಷ್ಟು ಗಾಳಿ ಬೀಸಿರಬಹುದೆಂದು ಅದು ಎಣಿಸಿ ತೋರಿಸುತ್ತದೆ. ನೀರಿಗಿಂತ ನೆಲ ಗಾಳಿಯನ್ನು ಹೆಚ್ಚು ತಡೆಯುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಜೊತೆಗಿನ ‘ಎಕ್ಸ್‌ಪೋಸ್’ ಎಂಬ ಇನ್ನೊಂದು ಮಾದರಿ ಗುಡ್ಡಬೆಟ್ಟಗಳ ನಕ್ಷೆಯನ್ನು ಓದುತ್ತದೆ. ಗುಡ್ಡ ದಾಟಿದ ಗಾಳಿ ಒಮ್ಮೆಗೇ ಕೆಳಕ್ಕೆ ಧುಮುಕದೆ ಕೆಲವೇ ಡಿಗ್ರಿಗಳಷ್ಟು ಬಾಗುತ್ತದೆಂಬ ಸರಳ ಕಲ್ಪನೆಯನ್ನು ಆಧರಿಸಿ, ನಿರ್ದಿಷ್ಟ ದಿಕ್ಕಿನ ಗಾಳಿಗೆ ಯಾವ ಜಾಗ ತೆರೆದಿದೆ, ಯಾವುದು ಮರೆಯಲ್ಲಿದೆ ಎಂದು ವಿಂಗಡಿಸುತ್ತದೆ. ಇವೆರಡರ ಫಲಿತಾಂಶ ಪೀಟರ್‌ಶಮ್‌ನಲ್ಲಿ 1938ರಲ್ಲಿ ಕಣ್ಣಾರೆ ಕಂಡು ಗುರುತಿಸಿದ ಹಾನಿಗೆ ಹೊಂದಿಕೊಂಡಾಗ, ಉಪಕರಣಗಳೇ ಇಲ್ಲದ ಕಾಲಕ್ಕೂ ಅದನ್ನು ಅನ್ವಯಿಸುವ ಧೈರ್ಯ ಬಂದಿತು.

ಆದರೆ 17ನೇ ಶತಮಾನದ ಬಿರುಗಾಳಿಯ ದಾರಿ ಮತ್ತು ಬಲವನ್ನು ಮಾದರಿಗೆ ಕೊಡುವವರು ಯಾರು? ಈ ಕೆಲಸವನ್ನು ದಿನಚರಿ, ಚರ್ಚಿನ ದಾಖಲೆ, ಹಡಗಿನ ದಿನವಹಿ, ಪತ್ರಿಕೆಗಳ ವರದಿಗಳು ಮಾಡುತ್ತವೆ. ಸಂಶೋಧಕರು ಅವುಗಳಲ್ಲಿನ ಹಾನಿಯ ವರ್ಣನೆಗಳನ್ನು, ಸುಂಟರಗಾಳಿಗಳಿಗಾಗಿ ಟೆಟ್ಸುಯ ಫುಜಿಟಾ 1971ರಲ್ಲಿ ರೂಪಿಸಿದ ಅಳತೆಪಟ್ಟಿಯನ್ನು ತುಸು ತಿದ್ದಿಕೊಂಡು, ಮಟ್ಟಗಳಾಗಿ ವಿಂಗಡಿಸಿದರು. ಎಲೆ, ಕೊಂಬೆಗಳಷ್ಟೇ ಉದುರಿದ್ದರೆ ಎಫ್-0, ಅಲ್ಲೊಂದು ಇಲ್ಲೊಂದು ಮರ ಬಿದ್ದಿದ್ದರೆ ಎಫ್-1, ತೋಪುಗಳೇ ವ್ಯಾಪಕವಾಗಿ ಉರುಳಿದ್ದರೆ ಎಫ್-2, ಬಹುಪಾಲು ಮರಗಳು ನೆಲಕಚ್ಚಿದ್ದರೆ ಎಫ್-3. ಊರೂರಿನ ಮಟ್ಟವನ್ನು ನಕ್ಷೆಯ ಮೇಲೆ ಗುರುತಿಸಿ, ಗಾಳಿ ಯಾವ ಊರಿನಲ್ಲಿ ಬಲಕ್ಕೆ ಹೊರಳಿತು, ಯಾವ ಊರಿನಲ್ಲಿ ಎಡಕ್ಕೆ ಹೊರಳಿತು ಎಂಬ ಹೇಳಿಕೆಗಳನ್ನು ಕೂಡಿಸಿದರೆ, ಆ ಎರಡು ಗುಂಪುಗಳ ನಡುವೆ ನಡುಗಣ್ಣಿನ ದಾರಿ ಗೋಚರಿಸುತ್ತದೆ. ಇಂಥ ದಾಖಲೆಗಳನ್ನು ಓದುವಾಗ ಎಚ್ಚರವೂ ಬೇಕು. ಇಂಗ್ಲೆಂಡ್ ಮತ್ತು ಅದರ ವಸಾಹತುಗಳು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಬಳಸುತ್ತಿದ್ದುದರಿಂದ 1635ರ ತಾರೀಖಿಗೆ ಹತ್ತು ದಿನ ಕೂಡಿಸಿಕೊಳ್ಳಬೇಕು. ಬರೆದವರೆಲ್ಲ ಕರಾವಳಿಯ ಊರುಗಳಲ್ಲಿ ನೆಲೆಸಿದ್ದರಿಂದ ಒಳನಾಡಿನ ಮೌನವನ್ನು ಹಾನಿಯಿಲ್ಲದ್ದಕ್ಕೆ ಸಾಕ್ಷಿಯೆಂದು ತಿಳಿಯುವಂತಿಲ್ಲ.

1815ರ ಸೆಪ್ಟೆಂಬರ್ 23ರ ಬಿರುಗಾಳಿಯಲ್ಲಿ ದಾಖಲೆಯ ಇನ್ನೊಂದು ತೊಡಕು ಎದುರಾಗುತ್ತದೆ. ಅದರ ದಾರಿ 1938ರದನ್ನು ಬಹುಮಟ್ಟಿಗೆ ಹೋಲುತ್ತದೆ. ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರಕ್ಕೆ ಕಡಲು ನುಗ್ಗಿತು. ಕಡಲಿನಿಂದ ಬಹುದೂರದ ಒಳನಾಡಿನ ಮನೆಗಳ ಕಿಟಕಿಗಾಜಿನ ಮೇಲೂ ಉಪ್ಪಿನ ಪದರ ಕೂತಿತು. ಹಾರ್ವರ್ಡಿನ ಪ್ರಾಧ್ಯಾಪಕ ಜಾನ್ ಫರಾರ್ ಬೇರೆ ಬೇರೆ ಊರುಗಳಲ್ಲಿ ಗಾಳಿ ದಿಕ್ಕು ಬದಲಿಸಿದ ಹೊತ್ತನ್ನು ಹೋಲಿಸಿ, ಇದು ಚಲಿಸುವ ಸುಳಿಯಂತಿತ್ತೆಂದು ರೆಡ್‌ಫೀಲ್ಡ್‌ಗಿಂತ ಮೊದಲೇ ಬರೆದಿದ್ದ. ಇಷ್ಟಾದರೂ ಆ ವರ್ಷದ ವರದಿಗಳಲ್ಲಿ ಎದ್ದುಕಾಣುವುದು ಸೇಬಿನ ತೋಟ, ಬೇಲಿ, ಕಣಜ, ಚರ್ಚಿನ ಗೋಪುರಗಳ ನಷ್ಟ. 1938ರ ಹಾಗೆ ಸೀಮೆಗೆ ಸೀಮೆಯೇ ಕಾಡು ಮಲಗಿದ ಚಿತ್ರ ಅಲ್ಲಿಲ್ಲ. ಗಾಳಿ ಮೃದುವಾಗಿದ್ದರಿಂದ ಹೀಗಾಗಲಿಲ್ಲ. ದಕ್ಷಿಣ ನ್ಯೂ ಇಂಗ್ಲೆಂಡಿನ ದೊಡ್ಡ ಪಾಲು ಆಗ ಹೊಲವೂ ಹುಲ್ಲುಗಾವಲೂ ಆಗಿದ್ದು, ಉಳಿದ ತುಂಡುಕಾಡುಗಳನ್ನೂ ಸೌದೆಗಾಗಿ ಮತ್ತೆ ಮತ್ತೆ ಕಡಿಯುತ್ತಿದ್ದುದರಿಂದ ಬೀಳುವಷ್ಟು ಎತ್ತರದ ಮರಗಳೇ ಕಡಿಮೆ ಇದ್ದವು. ಬಿದ್ದ ಮರಗಳ ಸಂಖ್ಯೆಯಿಂದಲೇ ಗಾಳಿಯ ಬಲವನ್ನು ಅಳೆಯಹೊರಟವರು 1815ರದನ್ನು ಸಣ್ಣ ಬಿರುಗಾಳಿಯೆಂದು ತಪ್ಪು ತಿಳಿಯುತ್ತಿದ್ದರು.

1635ರ ಆಗಸ್ಟ್ ತಿಂಗಳ ಬಿರುಗಾಳಿಯ ಮುಖ್ಯ ಸಾಕ್ಷಿಗಳು ಗವರ್ನರ್ ಹುದ್ದೆ ನಿರ್ವಹಿಸಿದ್ದ ಇಬ್ಬರು: ಮ್ಯಾಸಚೂಸೆಟ್ಸ್ ಬೇ ವಸಾಹತಿನ ಜಾನ್ ವಿಂತ್ರಾಪ್ ಮತ್ತು ಪ್ಲಿಮತ್ ವಸಾಹತಿನ ವಿಲಿಯಂ ಬ್ರಾಡ್‌ಫರ್ಡ್. ಲಕ್ಷಗಟ್ಟಲೆ ಮರಗಳು ಉರುಳಿದವೆಂದೂ, ಗಟ್ಟಿಯಾದವು ಬೇರುಸಹಿತ ಕಿತ್ತುಬಂದರೆ ಎತ್ತರದ ಪೈನ್‌ಗಳು ನಡುವಿಗೆ ಮುರಿದವೆಂದೂ, ಇದರ ಗುರುತುಗಳು ಈ ಸೀಮೆಯಲ್ಲಿ ನೂರು ವರ್ಷ ಉಳಿದಾವೆಂದೂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ. ಸ್ಥಳೀಯ ಮೂಲನಿವಾಸಿಗಳು ಬಳಸುತ್ತಿದ್ದರೂ ವಸಾಹತುಗಾರರ ಕೊಡಲಿ ಇನ್ನೂ ಕರಾವಳಿಯ ಅಂಚನ್ನಷ್ಟೇ ಮುಟ್ಟಿದ್ದ ಆ ಕಾಡಿನಲ್ಲಿ, ಬಲಿತ ಮರಗಳೂ ಎಳೆಯವೂ ಹಲವು ಜಾತಿಗಳೂ ಬೆರೆತಿದ್ದವು. ಬರಹದ ಸಾಕ್ಷಿ ಇಲ್ಲಿಗೆ ಮುಗಿಯುತ್ತದೆ; ಇದಕ್ಕೂ ಹಿಂದಕ್ಕೆ ಹೋಗಬೇಕಾದರೆ ನೆಲವನ್ನೇ ಕೇಳಬೇಕು.

ಬೇರುಸಹಿತ ಬಿದ್ದ ಮರ ತನ್ನ ಬುಡದ ಮಣ್ಣನ್ನು ದೊಡ್ಡ ಹೆಂಟೆಯಾಗಿ ಎತ್ತಿಕೊಂಡು ಮಲಗುತ್ತದೆ. ಬೇರು ಕೊಳೆತಂತೆ ಆ ಮಣ್ಣು ಕೆಳಕ್ಕೆ ಉದುರಿ ದಿಬ್ಬವಾಗುತ್ತದೆ, ಬೇರಿದ್ದ ಜಾಗ ಗುಂಡಿಯಾಗಿ ಉಳಿಯುತ್ತದೆ. ಗುಂಡಿ ಗಾಳಿ ಬಂದ ಕಡೆಗೂ ದಿಬ್ಬ ಮರ ಬಿದ್ದ ಕಡೆಗೂ ಇರುವುದರಿಂದ, ಕಾಂಡ ಪೂರ್ತಿ ಕೊಳೆತು ಮಾಯವಾದ ಮೇಲೂ ಈ ಜೋಡಿ ಗಾಳಿಯ ದಿಕ್ಕನ್ನು ಹೇಳುತ್ತದೆ. ನೇಗಿಲು ಹಾಯ್ದ ಹೊಲಗಳಲ್ಲಿ ಇವು ಅಳಿಸಿಹೋಗಿವೆ. ಎಂದೂ ಉಳದ ಕಾಡುನೆಲದಲ್ಲಿ ಮಾತ್ರ ಉಳಿದಿವೆ. ದಿಬ್ಬದ ಮೇಲೆ ಬೆಳೆದ ಮರದ ವಯಸ್ಸು ದಿಬ್ಬದ ಕನಿಷ್ಠ ವಯಸ್ಸನ್ನು ಕೊಡುತ್ತದೆ. ಸುತ್ತಲಿನ ಮರಗಳ ವಾರ್ಷಿಕ ಉಂಗುರಗಳು, ಅಂದರೆ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ವಲಯಗಳು, ಇನ್ನೂ ಖಚಿತವಾದ ಸಾಕ್ಷಿ ನುಡಿಯುತ್ತವೆ: ದೊಡ್ಡ ಮರಗಳ ನೆರಳಿನಲ್ಲಿ ಸೊರಗಿ ಸಣ್ಣ ಉಂಗುರಗಳನ್ನು ಇಡುತ್ತಿದ್ದ ಹೆಮ್ಲಾಕ್ ಮರ, ನೆತ್ತಿಯ ಮೇಲಿನ ಚಾವಣಿ ಕುಸಿದು ಬಿಸಿಲು ಸುರಿದ ಮುಂದಿನ ವರ್ಷಗಳಿಂದ ಹಠಾತ್ತನೆ ಅಗಲವಾದ ಉಂಗುರಗಳನ್ನು ಇಡತೊಡಗುತ್ತದೆ, ಗಾಳಿಗೆ ವಾಲಿ ಬದುಕುಳಿದ ಮರ ಮತ್ತೆ ನೆಟ್ಟಗಾಗುವ ಯತ್ನದಲ್ಲಿ ಒಂದು ಮಗ್ಗುಲಿಗೆ ಹೆಚ್ಚು ಮರವನ್ನು ಕಟ್ಟುತ್ತದೆ. ಹಾರ್ವರ್ಡ್ ಫಾರೆಸ್ಟಿನಲ್ಲಿ ಅರ್ಲ್ ಸ್ಟೀಫನ್ಸ್ 1950ರ ದಶಕದಲ್ಲಿ ಗುಂಡಿ-ದಿಬ್ಬಗಳನ್ನು ಹೀಗೆ ಒಂದೊಂದಾಗಿ ಅಗೆದು, 1938, 1815 ಮತ್ತು 1635ರ ಬಿರುಗಾಳಿಗಳ ಗುರುತನ್ನಲ್ಲದೆ, ಯಾವ ಲೇಖನಿಯೂ ದಾಖಲಿಸದ 15ನೇ ಶತಮಾನದ ಬಿರುಗಾಳಿಯೊಂದರ ಗುರುತನ್ನೂ ಕಂಡುಹಿಡಿದ.

ಈ ಕಾಡಿನ ಸಾಕ್ಷಿಗೆ ಕಡಲ ದಡದಿಂದಲೂ ಬೆಂಬಲ ದೊರೆತಿದೆ. ಮಹಾ ಬಿರುಗಾಳಿಯ ಅಲೆಗಳು ದಡದ ಮರಳುದಿಣ್ಣೆಯನ್ನು ಹಾರಿ ಹಿಂಬದಿಯ ಜವುಗಿನ ಕಪ್ಪು ಕೆಸರಿನ ಮೇಲೆ ಮರಳಿನ ಪದರವನ್ನು ಹರಡುತ್ತವೆ. ಜೆಫ್ರಿ ಡಾನೆಲಿ ಮತ್ತು ಸಂಗಡಿಗರು ರೋಡ್ ಐಲೆಂಡಿನ ಸಕಟಾಶ್ ಜವುಗಿನಲ್ಲಿ ಕೊಳವೆಯಿಳಿಸಿ ತೆಗೆದ ಮಣ್ಣಿನ ಸ್ತಂಭಗಳಲ್ಲಿ 1938, 1815 ಮತ್ತು 1630ರ ದಶಕದ ಪದರಗಳ ಕೆಳಗೆ, ವಸಾಹತುಗಾರರು ಬರುವುದಕ್ಕೆ ಮೊದಲಿನ ಎರಡು ಪದರಗಳೂ ಇದ್ದವು. ಅವುಗಳಲ್ಲೊಂದು 15ನೇ ಶತಮಾನದ ಮೊದಲರ್ಧದ ಸುಮಾರಿನದು. 2001ರಲ್ಲಿ ಪ್ರಕಟವಾದ ಈ ಅಧ್ಯಯನದ ವರ್ಷದಲ್ಲೇ ಬೂಸ್, ಕ್ರಿಸ್ಟಿನ್ ಚೇಂಬರ್ಲಿನ್ ಮತ್ತು ಫಾಸ್ಟರ್ ತಮ್ಮ ಪುನರ್ರಚನೆಯನ್ನೂ ಪ್ರಕಟಿಸಿ, 1620ರಿಂದೀಚಿನ 67 ಹರಿಕೇನ್‌ಗಳನ್ನು ನಕ್ಷೆಗೆ ತಂದರು. ತೋಪುಗಳನ್ನೇ ಉರುಳಿಸುವ ಎಫ್-2 ಮಟ್ಟದ ಹೊಡೆತ ಆಗ್ನೇಯ ಕರಾವಳಿಗೆ ಸರಾಸರಿ ಸುಮಾರು 85 ವರ್ಷಕ್ಕೊಮ್ಮೆ ಬಂದರೆ, ವಾಯವ್ಯಕ್ಕೆ ಸರಿದಂತೆ ಅದು ಹಲವು ಶತಮಾನಗಳಿಗೊಮ್ಮೆ ಒದಗುವ ಅಪರೂಪದ ಘಟನೆಯಾಗುತ್ತದೆ ಎಂದು ಅದು ತೋರಿಸಿತು. ಓಕ್ ಮರದ ಆಯುಷ್ಯದೊಂದಿಗೆ ಹೋಲಿಸಿದರೆ 85 ವರ್ಷ ಅತಿ ಚಿಕ್ಕ ಅವಧಿ. ಆ ಕರಾವಳಿಯ ಕಾಡಿಗೆ ಬಿರುಗಾಳಿ ಅನಿರೀಕ್ಷಿತ ವಿಪತ್ತಲ್ಲ, ಅದರ ಬದುಕಿನ ಒಂದು ಅಂಗ.

ಈ ತಿಳಿವಳಿಕೆ ಹಾನಿ ಎಂಬ ಮಾತಿನ ಅರ್ಥವನ್ನೇ ಮರುಚಿಂತನೆಗೆ ಒಡ್ಡಿತು. 1990ರಲ್ಲಿ ಹಾರ್ವರ್ಡ್ ಫಾರೆಸ್ಟಿನ ಸಂಶೋಧಕರು ಓಕ್-ಮೇಪಲ್ ಕಾಡಿನ ಒಂದು ತುಣುಕಿನಲ್ಲಿ, 1938ರಲ್ಲಿ ಬಿದ್ದ ಪ್ರಮಾಣದಲ್ಲೇ, ಅದೇ ವಾಯವ್ಯ ದಿಕ್ಕಿಗೆ, ಉಕ್ಕಿನ ಹಗ್ಗ ಮತ್ತು ರಾಟೆಯಿಂದ ಮರಗಳನ್ನು ಎಳೆದು ಉರುಳಿಸಿ, ಒಂದನ್ನೂ ಹೊರಸಾಗಿಸದೆ ಹಾಗೆಯೇ ಬಿಟ್ಟರು. ಮಲಗಿದ ಮರಗಳಲ್ಲಿ ಬಹಳಷ್ಟು ಮುಂದಿನ ಬೇಸಿಗೆಗಳಲ್ಲೂ ಎಲೆಬಿಟ್ಟವು, ಬುಡದಿಂದ ಹೊಸ ಚಿಗುರು ಎದ್ದಿತು, ಮಣ್ಣಿನ ಸಾರಜನಕ ತೊಳೆದುಹೋಗಲಿಲ್ಲ. ನೋಡುವವರ ಕಣ್ಣಿಗೆ ಧ್ವಂಸವಾದಂತೆ ಕಂಡ ಕಾಡು ತನ್ನ ಕೆಲಸವನ್ನು ಬಹುಮಟ್ಟಿಗೆ ಮೊದಲಿನಂತೆಯೇ ನಡೆಸುತ್ತಿತ್ತು. 1938ರ ನಂತರ ನೆಲಕ್ಕೂ ತೊರೆಗಳಿಗೂ ಆದ ಹೆಚ್ಚಿನ ಏರುಪೇರಿನಲ್ಲಿ ಗಾಳಿಯ ಪಾಲಿನಷ್ಟೇ, ಕೆಲವು ಕಡೆ ಅದಕ್ಕಿಂತ ಮಿಗಿಲಾಗಿ, ಬಿದ್ದ ಮರಗಳನ್ನು ಆತುರದಿಂದ ಎಳೆದು ಹೊರಸಾಗಿಸಿದ ಕಾರ್ಯಾಚರಣೆಯ ಪಾಲೂ ಇತ್ತೆಂಬ ವಾದಕ್ಕೆ ಈ ಪ್ರಯೋಗ ಬಲ ತಂದಿತು.

ಮೂರು ಬಿರುಗಾಳಿಗಳನ್ನು ಒಟ್ಟಿಗೆ ಇಟ್ಟರೆ ಹೊರಡುವ ತೀರ್ಮಾನ ಇದು: 1635ರ ಗಾಳಿಗೆ ಸಿಕ್ಕಿದ್ದು ಹಲವು ವಯಸ್ಸಿನ ಹಳೆಗಾಡು, 1815ರ ಗಾಳಿಗೆ ಸಿಕ್ಕಿದ್ದು ಹೊಲಗದ್ದೆ, 1938ರ ಗಾಳಿಗೆ ಸಿಕ್ಕಿದ್ದು ಬೀಳುಹೊಲಗಳ ಪೈನ್. ಇಂದು ಅದೇ ನೆಲದಲ್ಲಿ, ಬಿದ್ದ ಪೈನ್‌ಗಳ ಕೆಳಗೆ ಕಾದಿದ್ದ ಓಕ್, ಮೇಪಲ್, ಬರ್ಚ್‌ಗಳು ನಾಲ್ಕನೆಯ ಕಾಡಾಗಿ ಎದ್ದಿವೆ. 1938ರ ಗಾಳಿಯೇ ಅದೇ ದಾರಿಯಲ್ಲಿ ಮರಳಿ ಬಂದರೂ ಬೀಳುವ ಮರಗಳ ಲೆಕ್ಕ ಅಂದಿನದಾಗಿರುವುದಿಲ್ಲ. ಆದ್ದರಿಂದ ಹಳೆಯ ಬಿರುಗಾಳಿಯ ಹಾನಿಯ ಅಂಕಿಯನ್ನು ಮುಂದಿನದಕ್ಕೆ ಹಾಗೆಯೇ ದಾಟಿಸುವ ಬದಲು, ಗಾಳಿಯ ಲೆಕ್ಕ ಮತ್ತು ನೆಲದ ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟು, ಪ್ರತಿ ಸಲವೂ ಹೊಸದಾಗಿ ಕೂಡಿಸಬೇಕಾಗುತ್ತದೆ. ನೈರುತ್ಯ ನ್ಯೂ ಹ್ಯಾಂಪ್‌ಷೈರಿನ ಪಿಸ್ಗಾ ಬೆಟ್ಟದ ಬಳಿ ಹಾರ್ವರ್ಡ್ ವಿಶ್ವವಿದ್ಯಾಲಯ 1927ರಲ್ಲಿ ಕೊಂಡು ಕೊಡಲಿ ಮುಟ್ಟಿಸದೆ ಕಾಯ್ದ ಹಳೆಗಾಡಿನ ತುಂಡೊಂದರಲ್ಲಿ 1938ರಲ್ಲಿ ಉರುಳಿದ ಪೈನ್, ಹೆಮ್ಲಾಕ್‌ಗಳನ್ನು ಯಾರೂ ಹೊರಸಾಗಿಸಲಿಲ್ಲ. ಪಾಚಿ ಹೊದ್ದ ಆ ಕಾಂಡಗಳು ಗಾಳಿಯ ದಿಕ್ಕನ್ನು ತೋರಿಸುತ್ತ ದಶಕಗಳ ಕಾಲ ಬಿದ್ದಲ್ಲೇ ಉಳಿದು ಸಂಶೋಧಕರಿಗೆ ಒದಗಿದವು. ಗುರುತುಗಳು ನೂರು ವರ್ಷ ಉಳಿದಾವೆಂದು ಬ್ರಾಡ್‌ಫರ್ಡ್ ಅಂದಾಜು ಮಾಡಿದ್ದ; ಸ್ಟೀಫನ್ಸ್ ಅಗೆದಾಗ 1635ರ ದಿಬ್ಬಗಳಿಗೆ ಮುನ್ನೂರು ವರ್ಷ ದಾಟಿತ್ತು.